ಲೋಹಶೋಧಕಕ್ಕೆ ಚಿನ್ನದ ಗುರುತು ಸಿಗುತ್ತದೆಯೇ?

ವಿರೂಪಾಕ್ಷ ದೇವಾಲಯದ ಮುಂದಿನಿಂದ ಮಾತಂಗ ಬೆಟ್ಟದ ಬುಡದಲ್ಲಿರುವ ಎದುರು ಬಸವಣ್ಣನವರೆಗೆ, ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಹಂಪಿ ಬಜಾರ್ ಚಾಚಿಕೊಂಡಿದೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಹೆರಾತಿನ ರಾಯಭಾರಿ ಅಬ್ದುಲ್ ರಜಾಕ್, ಈ ನಗರದ ಪೇಟೆಗಳಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿದ್ದಾನೆ. ಇಂಥ ವರ್ಣನೆಗಳಿಂದ ಹುಟ್ಟಿದ ನಿಧಿಯ ಆಸೆ ಇನ್ನೂ ಸತ್ತಿಲ್ಲ. 2019ರ ಜುಲೈನಲ್ಲಿ ಆನೆಗೊಂದಿ ಬಳಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದರು. ಈಗ ಈ ಆಸೆಗೆ ವಿಜ್ಞಾನದ ವೇಷವೂ ಸಿಕ್ಕಿದೆ. ‘ಚಿನ್ನವನ್ನು ಮಾತ್ರ ತೋರಿಸುವ ಯಂತ್ರ’ ಎಂದು ಹೇಳಿ ಲೋಹಶೋಧಕಗಳನ್ನು ಮಾರುವವರಿದ್ದಾರೆ, ನಂಬಿ ಹಣ ಕಳೆದುಕೊಳ್ಳುವವರೂ ಇದ್ದಾರೆ. ಅಂಥ ಯಂತ್ರ ಸಾಧ್ಯವೇ ಎಂಬ ಪ್ರಶ್ನೆಗೆ ಪಿಯುಸಿ ಮಟ್ಟದ ಭೌತಶಾಸ್ತ್ರವೇ ಉತ್ತರ ಕೊಡಬಲ್ಲದು.

ಲೋಹಶೋಧಕದ ತಟ್ಟೆಯಲ್ಲಿ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ಮಣ್ಣಿನೊಳಗೆ ಇಳಿದು, ಅಲ್ಲಿರುವ ಲೋಹದಲ್ಲಿ ಫ್ಯಾರಡೆ ನಿಯಮದಂತೆ ಸುಳಿ ಪ್ರವಾಹಗಳನ್ನು ಉಂಟುಮಾಡುತ್ತದೆ. ಈ ಪ್ರವಾಹಗಳು ತಮ್ಮದೇ ಆದ ಕ್ಷೀಣ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತವೆ. ಎರಡನೆಯ ಸುರುಳಿ ಗ್ರಹಿಸುವುದು ಇದನ್ನೇ. ಮೊದಲ ಸುರುಳಿಯ ನೇರ ಪ್ರಭಾವ ಎರಡನೆಯದರ ಮೇಲೆ ಬೀಳದಂತೆ ಅವುಗಳನ್ನು ಜೋಡಿಸುವುದರಲ್ಲೇ ಜಾಣತನವಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಸಾಧನವನ್ನು ಬಳಸಿದ್ದ. ಗುಂಡು ಮಾತ್ರ ಸಿಗಲಿಲ್ಲ.

ಮರಳುವ ಸಂಕೇತದಲ್ಲಿ ಮುಖ್ಯವಾಗಿ ಎರಡು ಮಾಹಿತಿಗಳಿವೆ: ಅದರ ಪ್ರಬಲತೆ ಮತ್ತು ಪ್ರಾವಸ್ಥೆ, ಅಂದರೆ ಮೂಲ ಕ್ಷೇತ್ರಕ್ಕಿಂತ ಅದು ಎಷ್ಟು ಹಿಂದೆ ಬಿದ್ದಿದೆ ಎಂಬುದು. ಪ್ರಬಲತೆಯನ್ನು ನಂಬುವಂತಿಲ್ಲ. ಸುರುಳಿಯ ಅಗಲಕ್ಕಿಂತ ಆಳದಲ್ಲಿ ಅದರ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ವಸ್ತುವಿನಿಂದ ಮರಳುವ ಕ್ಷೇತ್ರವೂ ಹಾಗೆಯೇ ಇಳಿಯುತ್ತದೆ. ಒಟ್ಟಿನಲ್ಲಿ ಆರನೆಯ ಘಾತ! ಆಳ ಎರಡರಷ್ಟಾದರೆ ಸಂಕೇತ 64ನೆಯ ಒಂದು ಭಾಗವಾಗುತ್ತದೆ. ಮೇಲಿರುವ ಚಿಕ್ಕ ಚೂರು, ಕೆಳಗಿರುವ ದೊಡ್ಡ ತುಂಡು ಎರಡೂ ಒಂದೇ ಪ್ರಬಲತೆಯಲ್ಲಿ ಕೂಗಬಹುದು.

ಉಳಿದದ್ದು ಪ್ರಾವಸ್ಥೆ. ಸುಳಿ ಪ್ರವಾಹದ ದಾರಿಯೂ ಒಂದು ಮಂಡಲವೇ. ಅದಕ್ಕೂ ಪ್ರೇರಕತೆ ಮತ್ತು ರೋಧಗಳಿವೆ. ಪ್ರೇರಕತೆಯನ್ನು ರೋಧದಿಂದ ಭಾಗಿಸಿದರೆ ಬರುವ ಕಾಲಾಂಕವೇ ಪ್ರಾವಸ್ಥೆಯನ್ನು ನಿರ್ಧರಿಸುತ್ತದೆ. ತೆಳು ಬಿಲ್ಲೆಯೊಂದರಲ್ಲಿ ಈ ಕಾಲಾಂಕವು ವಾಹಕತೆ, ತ್ರಿಜ್ಯ, ದಪ್ಪ ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಯಂತ್ರಕ್ಕೆ ತಿಳಿಯುವುದು ಗುಣಲಬ್ಧ ಮಾತ್ರ. ಅದರಲ್ಲಿ ಯಾವುದರ ಪಾಲು ಎಷ್ಟು ಎಂಬುದು ತಿಳಿಯುವುದಿಲ್ಲ.

ವಿಜಯನಗರದ ನಾಣ್ಯವನ್ನೇ ತೆಗೆದುಕೊಳ್ಳೋಣ. ವರಾಹದ ತೂಕ ಸುಮಾರು 3.4 ಗ್ರಾಂ. ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ಅದರ ಹತ್ತನೆಯ ಒಂದು ಭಾಗ, ಅಗಲದಲ್ಲಿ ಹೆಚ್ಚುಕಡಿಮೆ ತೊಗರಿಬೇಳೆಯಷ್ಟು. ಹಣದ ತ್ರಿಜ್ಯ 3 ಮಿಲಿಮೀಟರ್, ದಪ್ಪ 0.7 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಊಟದ ಪೊಟ್ಟಣದ ಅಲ್ಯೂಮಿನಿಯಂ ತಟ್ಟೆಯಿಂದ ಹರಿದ ಒಂದು ಚೂರು ಇರಲಿ: ತ್ರಿಜ್ಯ 30 ಮಿಲಿಮೀಟರ್, ದಪ್ಪ 0.07 ಮಿಲಿಮೀಟರ್. ತ್ರಿಜ್ಯ ಹತ್ತರಷ್ಟು, ದಪ್ಪ ಹತ್ತನೆಯ ಒಂದು ಭಾಗ. ಶುದ್ಧ ಚಿನ್ನದ ವಾಹಕತೆ ಮೀಟರಿಗೆ ಸುಮಾರು 4.1 ಕೋಟಿ ಸೀಮನ್ಸ್, ಅಲ್ಯೂಮಿನಿಯಂನದು 3.8 ಕೋಟಿ. ಗುಣಲಬ್ಧ ಬಹುತೇಕ ಒಂದೇ! ಎರಡರ ಕಾಲಾಂಕವೂ 20 ಮೈಕ್ರೊಸೆಕೆಂಡಿನ ಆಸುಪಾಸು. ಚೂರಿನ ಸಂಕೇತ ಪ್ರಬಲವಾಗಿರುತ್ತದೆ, ನಿಜ. ಆದರೆ ಅದು ಸ್ವಲ್ಪ ಆಳದಲ್ಲಿದ್ದರೆ ಆ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಚಿನ್ನಕ್ಕೆ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸಿದರೆ ವಾಹಕತೆ ಗಣನೀಯವಾಗಿ ಇಳಿಯುತ್ತದೆ. ಆಗ ಬೇರೆ ಬೇರೆ ಗಾತ್ರದ ಕಸಗಳು ಅದಕ್ಕೆ ಜೊತೆಯಾಗುತ್ತವೆ. ಚಿನ್ನದ ತೆಳು ಸರವಂತೂ ಹಲವು ಯಂತ್ರಗಳಿಗೆ ಕಾಣುವುದೇ ಇಲ್ಲ. ಕೊಂಡಿ ಕೊಂಡಿಗೂ ಪ್ರವಾಹದ ದಾರಿ ಕಡಿಯುವುದರಿಂದ, ಯಂತ್ರಕ್ಕೆ ಅದು ಸರವಲ್ಲ, ಚಿಕ್ಕ ಚಿಕ್ಕ ಬಳೆಗಳ ರಾಶಿ.

ಕಸವನ್ನು ತಿರಸ್ಕರಿಸುವ ಗುಂಡಿಯೊಂದು ಈ ಯಂತ್ರಗಳಲ್ಲಿರುತ್ತದೆ. ಒಂದು ಪ್ರಾವಸ್ಥೆಯ ವ್ಯಾಪ್ತಿಯೊಳಗೆ ಬಂದ ಸಂಕೇತಗಳನ್ನೆಲ್ಲ ಅದು ಮೌನಗೊಳಿಸುತ್ತದೆ. ಅಲ್ಯೂಮಿನಿಯಂ ಚೂರಿನ ಕಾಟ ತಪ್ಪಿಸಲು ಇದನ್ನು ಒತ್ತಿದವನು ಹಣವನ್ನೂ ಕಳೆದುಕೊಳ್ಳುತ್ತಾನೆ. ಕಬ್ಬಿಣವನ್ನು ಬೇರ್ಪಡಿಸುವುದು ಸ್ವಲ್ಪ ಸುಲಭ. ಅದು ಕಾಂತಕ್ಷೇತ್ರವನ್ನು ತನ್ನೊಳಗೆ ಸೆಳೆದು ಹೆಚ್ಚಿಸುವುದರಿಂದ ಅದರ ಸಂಕೇತದ ರೀತಿಯೇ ಬೇರೆ. ಆದರೂ ಸೋಡಾ ಬಾಟಲಿಯ ಚಪ್ಪಟೆ ತಗಡಿನ ಮುಚ್ಚಳದಲ್ಲಿ ಸುಳಿ ಪ್ರವಾಹವೇ ಮೇಲುಗೈ ಪಡೆದು ಯಂತ್ರವನ್ನು ಏಮಾರಿಸುವುದುಂಟು. ತುಂಗಭದ್ರೆಗೆ ಭಕ್ತರು ಎಸೆಯುವ ಕಾಸಿನ ಕಥೆ ಇನ್ನೂ ವಿಚಿತ್ರ. 1992ರಿಂದ ಬಂದ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಬಗೆಯ ಸ್ಟೇನ್‌ಲೆಸ್ ಸ್ಟೀಲಿನದು. ‘ಕಬ್ಬಿಣ ಬೇಡ’ ಎಂದು ಯಂತ್ರಕ್ಕೆ ಹೇಳಿದರೆ ಇಂಥ ದುಡ್ಡೂ ಕಸದ ಪಟ್ಟಿಗೆ ಸೇರೀತು.

ಸಮುದ್ರದ ದಂಡೆಯಲ್ಲಿ ಹುಡುಕುವವರಿಗೆ ಉಪ್ಪುನೀರಿನ ಕಾಟ. ಅದರ ವಾಹಕತೆ ಮೀಟರಿಗೆ ಸುಮಾರು 5 ಸೀಮನ್ಸ್ ಆದ್ದರಿಂದ ಒದ್ದೆ ಮರಳೇ ಸಂಕೇತ ಕೊಡುತ್ತದೆ. ನಮ್ಮ ನದಿಯ ಸಿಹಿನೀರಿನಲ್ಲಿ ಆ ತೊಂದರೆ ಇಲ್ಲ. ಇಲ್ಲಿ ತಕರಾರು ಕಬ್ಬಿಣದ ಅಂಶದ್ದು. ಸಂಡೂರಿನ ಬೆಟ್ಟಗಳ ಹೆಮಟೈಟ್ ಅದಿರು ಕಾಂತಗುಣದಲ್ಲಿ ದುರ್ಬಲ. ಆದರೆ ಜೊತೆಗೆ ಮ್ಯಾಗ್ನಟೈಟ್ ಇದ್ದರೆ, ಅಥವಾ ಕೆಂಪು ಮಣ್ಣಿನಲ್ಲಿ ಉಂಟಾಗುವ ಮ್ಯಾಘಮೈಟ್ ಇದ್ದರೆ, ಮಣ್ಣೇ ಯಂತ್ರಕ್ಕೆ ಲೋಹದಂತೆ ತೋರುತ್ತದೆ. ಯಂತ್ರವನ್ನು ಮಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಆದರೆ ಅದಿರಿನ ಲಾರಿಗಳು ಓಡಾಡಿದ ರಸ್ತೆಬದಿಯಲ್ಲಿ ಅದಿರಿನ ಪ್ರಮಾಣ ಹೆಜ್ಜೆ ಹೆಜ್ಜೆಗೂ ಬದಲಾಗುವುದರಿಂದ ಆ ಹೊಂದಾಣಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಆದ್ದರಿಂದ ಸದ್ದಾದ ಮೇಲೆ ಅಗೆದು ನೋಡದ ಹೊರತು ವಸ್ತು ಯಾವುದೆಂದು ತಿಳಿಯದು. ಅಪಾಯ ಇರುವುದು ಇಲ್ಲಿಯೇ. ಹಂಪಿಯ ಸ್ಮಾರಕಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನಿಷೇಧಿಸುತ್ತದೆ. ನಿಧಿ ಹುಡುಕುವವನಿಗೆ ತುಕ್ಕು ಹಿಡಿದ ಮೊಳೆ ಕಸ. ಪುರಾತತ್ತ್ವಜ್ಞನಿಗೆ ಸಾಲಾಗಿ ಬಿದ್ದ ನಾಲ್ಕು ಮೊಳೆಗಳು ಸುಟ್ಟುಹೋದ ಬಾಗಿಲೊಂದರ ನೆಲೆಯಾಗಬಹುದು. ನೆಲಗಟ್ಟಿನ ಅಡಿಯಲ್ಲಿ ಇದ್ದ ಜಾಗದಲ್ಲೇ ದೊರೆತ ಒಂದು ತಾಮ್ರದ ಕಾಸು, ಆ ನೆಲಗಟ್ಟು ಯಾವ ಅರಸನ ಕಾಲಕ್ಕಿಂತ ಹಿಂದಿನದಲ್ಲ ಎಂದು ಹೇಳುತ್ತದೆ. ಅದೇ ಕಾಸನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಉಳಿಯುವುದು ಒಂದೆರಡು ಗ್ರಾಂ ತಾಮ್ರ. ವಿಜಯನಗರದ ನಾಣ್ಯಗಳನ್ನು ನೋಡುವ ಆಸೆಯಿದ್ದರೆ ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ.

ಶಾಲೆಯಲ್ಲಿ ಮಾಡಿ ನೋಡಲು ಯಂತ್ರ ಬೇಕಿಲ್ಲ. ಇಳಿಜಾರಾಗಿ ಇಟ್ಟ ನುಣುಪು ಹಲಗೆಯ ಮೇಲೆ ಬಿಲ್ಲೆಯಾಕಾರದ ನಿಯೋಡಿಮಿಯಂ ಅಯಸ್ಕಾಂತವನ್ನು ಜಾರಿಸಿ. ಆಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದು ಪದರ ಹಾಸಿ ಜಾರಿಸಿ. ನಂತರ ಅದನ್ನು 32 ಪದರವಾಗುವಂತೆ ಮಡಚಿ, ಚಪ್ಪಟೆಯಾಗಿ ಒತ್ತಿ, ಮತ್ತೆ ಜಾರಿಸಿ. ಅಲ್ಯೂಮಿನಿಯಂಗೆ ಅಂಟದ ಅಯಸ್ಕಾಂತ ಈಗ ತಡೆತಡೆದು ಇಳಿಯುತ್ತದೆ. ದಪ್ಪ ಹೆಚ್ಚಿದಂತೆ ರೋಧ ಇಳಿದು ಸುಳಿ ಪ್ರವಾಹ ಬಲವಾದದ್ದೇ ಕಾರಣ. ಕೊನೆಗೆ ಆ ಮಡಿಕೆಗೆ ಬಾಚಣಿಗೆಯ ಹಲ್ಲುಗಳಂತೆ, ಅಯಸ್ಕಾಂತದ ಅಗಲಕ್ಕಿಂತ ಹತ್ತಿರ ಹತ್ತಿರವಾಗಿ, ಅಡ್ಡ ಸೀಳುಗಳನ್ನು ಕತ್ತರಿಸಿ ಮತ್ತೊಮ್ಮೆ ಜಾರಿಸಿ. ಲೋಹದ ತೂಕ ಅಷ್ಟೇ ಇದ್ದರೂ ಅಯಸ್ಕಾಂತ ಮೊದಲಿಗಿಂತ ಬೇಗ ಇಳಿಯುತ್ತದೆ. ತೆಳು ಸರ ಯಂತ್ರದ ಕಣ್ಣು ತಪ್ಪಿಸುವುದು ಏಕೆಂದು ವಿದ್ಯಾರ್ಥಿಗಳೇ ಹೇಳಬಲ್ಲರು.