ಕಣಕದೊಳಗೆ ಚೀಸು

ಡಿಸೆಂಬರ್ ಬಂತೆಂದರೆ ಯಲಹಂಕ ಉಪನಗರದಲ್ಲಿ ಹಿಟ್ಟಿಗೂ ಮೈಗಳ್ಳತನ. ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು ಗಂಟೆಯಾದರೂ ಪಾತ್ರೆಯಲ್ಲಿ ಇಟ್ಟ ಹಾಗೇ ಕೂತಿದೆ. ಏಪ್ರಿಲ್ ಆಗಿದ್ದರೆ ಇಷ್ಟು ಹೊತ್ತಿಗೆ ಬಟ್ಟೆಯನ್ನೇ ಎತ್ತಿ ನಿಲ್ಲುತ್ತಿತ್ತು. ಸೊಸೆಗೆ ಗಾಬರಿಯಿಲ್ಲ. ಓಟಿಜಿಯೊಳಗೆ ಒಂದು ಬಟ್ಟಲು ಬಿಸಿನೀರು, ಪಕ್ಕದಲ್ಲಿ ಹಿಟ್ಟಿನ ಪಾತ್ರೆ ಇಟ್ಟು ಬಾಗಿಲು ಮುಚ್ಚುತ್ತಾಳೆ. ಸ್ವಿಚ್ ಮಾತ್ರ ಹಾಕುವುದಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿಯಲ್ಲಿ ಕಲಿತ ಕೈ ಅದು.

300 ಗ್ರಾಂ ಮೈದಾ, ಒಂದು ಚಮಚ ಇನ್‌ಸ್ಟಂಟ್ ಈಸ್ಟ್, 190 ಎಂಎಲ್ ಹಾಲು, ಸ್ವಲ್ಪ ಸಕ್ಕರೆ, ಉಪ್ಪು, ಒಂದು ತುಂಡು ಬೆಣ್ಣೆ. ಹಾಲು ಬೆರಳಿಗೆ ಹಿತವಾಗುವಷ್ಟು ಬೆಚ್ಚಗಿದ್ದರೆ ಸಾಕು, 60 ಡಿಗ್ರಿ ಮುಟ್ಟಿದರೆ ಈಸ್ಟ್ ಸತ್ತೇ ಹೋಗುತ್ತದೆ. ಚಳಿಯಲ್ಲಿ ನಿಧಾನಕ್ಕೆ ಉಬ್ಬಿದ ಹಿಟ್ಟಿನ ರುಚಿಯೇ ಬೇರೆ. ಅವಸರಕ್ಕೆ ಈಸ್ಟ್ ಸುರಿದು ಉಬ್ಬಿಸಿದ್ದಕ್ಕೆ ಅದು ಬರುವುದಿಲ್ಲ.

ಚೀಸ್ ತುಂಬಿದ ರೊಟ್ಟಿಗೆ ಜಾರ್ಜಿಯಾ ದೇಶದ ಖಚಪುರಿ ದೊಡ್ಡ ಹೆಸರು. ಈ ಅಡುಗೆಮನೆಯ ಹೂರಣ ಮಾತ್ರ ಅಯ್ಯಂಗಾರ್ ಬೇಕರಿಯ ಖಾರಾ ಬನ್ನಿನ ಸಂತಾನ. ಹಾಸನ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಮೇಲೆ ಊರಿಗೆ ಹತ್ತಿದ ಚಟಗಳಲ್ಲಿ ಅದೂ ಒಂದು. ಹಸಿಮೆಣಸಿನಕಾಯಿ, ಕೊತ್ತಂಬರಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಬಾಡಿಸಿದ ಈರುಳ್ಳಿ. ಹಸಿ ಈರುಳ್ಳಿ ಹಾಕಿದರೆ ಉಪ್ಪು ತಾಗಿ ನೀರು ಬಿಟ್ಟು ತಳ ಒದ್ದೆಯಾಗುತ್ತದೆ. ಅದಕ್ಕೆ ಎರಡು ಬಗೆಯ ಚೀಸು: ಎಳೆ ಎಳೆಯಾಗಿ ಜಗ್ಗಲು ಮೊಝರೆಲ್ಲಾ, ಉಪ್ಪಿನ ರುಚಿಗೆ ಕ್ಯೂಬಿನ ಪ್ರೊಸೆಸ್ಡ್ ಚೀಸು. ಎರಡೂ ಫ್ರಿಜ್ಜಿನಿಂದ ಆಗಷ್ಟೇ ಹೊರಬಂದವು. ತಣ್ಣಗಿದ್ದಷ್ಟೂ ಕರಗುವುದು ತಡ.

ಉಂಡೆ ಕಟ್ಟುವ ಹೊತ್ತಿಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಬರುತ್ತಾರೆ. "ಮುಚ್ಚೋದು ನನಗೆ ಬಿಡಮ್ಮ, ನಿನ್ನ ಬನ್ನು ಪ್ರತಿಸಲ ಬಾಯಿ ಬಿಡುತ್ತೆ." ಅಂಗೈಯಲ್ಲಿ ಕಣಕ ತಟ್ಟಿ, ನಡುವೆ ದಪ್ಪ, ಅಂಚು ತೆಳ್ಳಗೆ, ಹೂರಣ ಇಟ್ಟು, ಹೆಬ್ಬೆರಳಲ್ಲಿ ಒಳಗೆ ಒತ್ತುತ್ತಾ ಅಂಚನ್ನು ಮೇಲೆಳೆದು ತಿರುಪುತ್ತಾರೆ. ಯುಗಾದಿ ಒಬ್ಬಟ್ಟಿಗೆ ಪಳಗಿದ ಬೆರಳುಗಳು; ತಿರುಪು ಎಲ್ಲಿ ಮುಗಿಯಿತೆಂದೇ ಕಾಣುವುದಿಲ್ಲ.

ಎಂಟು ಉಂಡೆ ತಟ್ಟೆಯ ಮೇಲೆ ಅರ್ಧ ಗಂಟೆ ಮತ್ತೆ ಉಬ್ಬಿ, ಹಾಲು ಸವರಿಸಿಕೊಂಡು 200 ಡಿಗ್ರಿಗೆ ಒಳಗೆ ಹೋಗುತ್ತವೆ. ಹತ್ತು ನಿಮಿಷಕ್ಕೆ, ಮೊದಲು ಬೆಣ್ಣೆಯ ವಾಸನೆ, ಅದರ ಬೆನ್ನಿಗೆ ಸಬ್ಬಸಿಗೆಯದು. ಗಾಜಿನಾಚೆ ಬನ್ನುಗಳ ಬೆನ್ನು ಕೆಂಪಾಗುತ್ತಿದೆ. ಮೊಝರೆಲ್ಲಾದಲ್ಲಿ ಸುಮಾರು ಅರ್ಧ ನೀರೇ. ಅದು ಆವಿಯಾಗಿ ಒಳಗಿಂದ ದೂಡುತ್ತದೆ, ತಿರುಪು ಸಡಿಲವಿದ್ದ ಕಡೆ ನುಗ್ಗುತ್ತದೆ. ಸೊಸೆ ಮುಚ್ಚಿದ್ದ ಒಂದೇ ಒಂದು ಬನ್ನು ಬಿರಿದು ಚೀಸು ತಟ್ಟೆಗೆ ಹರಿಯಿತು. ಕಾದ ತಗಡಿನ ಮೇಲೆ ಗುಳ್ಳೆಯೆದ್ದು, ಕಂದು ಬಣ್ಣಕ್ಕೆ ತಿರುಗಿ, ಗರಿಗರಿ ಜಾಲರಿಯಾಯಿತು.

ಒಂದು ಹನಿಯೂ ಸೋರಬಾರದು ಎನ್ನುವುದು ಅಡುಗೆ ಪುಸ್ತಕಗಳ ಕಟ್ಟಪ್ಪಣೆ. ಬರೆದವರು ತಟ್ಟೆ ಕೆರೆದು ತಿಂದವರಲ್ಲ ಅಂತ ನನ್ನ ಗುಮಾನಿ. ಒಳಗಿನ ಚೀಸು ಬರೀ ಮೆತ್ತಗೆ, ಹೊರಗೆ ಹರಿದು ಸೀದ ಅಂಚಿನಲ್ಲೇ ಅದರ ಖದರು. ಬನ್ನು ಆರುವ ಮೊದಲೇ ಮೊಮ್ಮಗ ಚಮಚ ಹಿಡಿದು ಬಂದ. ಕೆರೆಯಲು ಇದ್ದದ್ದು ಒಂದೇ ಜಾಗ.

"ಮುಂದಿನ ಸಲ ನೀನು ಮುಚ್ಚಬೇಡ ಅಜ್ಜಿ. ಎಲ್ಲಾ ಅಮ್ಮನೇ ಮುಚ್ಚಲಿ."