ಎರೆಭೂಮಿಗೆ ಬಂದ ಸತ್ಯವೇದ

ಕನ್ನಡ ಬೈಬಲ್ ಈ ಸೀಮೆಗೆ ಎರಡು ದಿಕ್ಕಿನಿಂದ ಬಂತು. ಒಂದು ಪೂರ್ವದ ಬಳ್ಳಾರಿ, ಇನ್ನೊಂದು ಪಶ್ಚಿಮದ ಧಾರವಾಡ. ನಡುವೆ ರೋಣ, ನರಗುಂದ, ಗಜೇಂದ್ರಗಡದ ಎರೆಭೂಮಿ. ಇಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದಲ್ಲ. 2011ರ ಜನಗಣತಿಯ ಪ್ರಕಾರ ಇಡೀ ಗದಗ ಜಿಲ್ಲೆಯಲ್ಲೇ ಅವರ ಪಾಲು ಶೇ 1ನ್ನು ಮುಟ್ಟುವುದಿಲ್ಲ. ಆದರೆ ಅವರು ಸತ್ಯವೇದ ಎಂದು ಕರೆಯುವ ಪುಸ್ತಕಕ್ಕೆ ಕನ್ನಡದಲ್ಲಿ ಇನ್ನೂರು ವರ್ಷಗಳ ಬಾಳಿಕೆ ಇದೆ. ಹಳೆಯ ಕಾಲದ ಈ ಗ್ರಂಥ ಮೊಬೈಲ್ ಹಿಡಿದ ಕೈಗೆ ಏನು ಕೊಟ್ಟೀತು ಎಂದು ಕೇಳುವವರಿಗೆ ಅದು ಬಂದ ದಾರಿಯಲ್ಲೇ ಒಂದು ಉತ್ತರ ಸಿಗುತ್ತದೆ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಆಗ ಮಿಷನರಿಗಳೆಂದರೆ ಅಷ್ಟಕ್ಕಷ್ಟೆ. ತನ್ನ ಸೀಮೆಯಲ್ಲಿ ಅವರಿಗೆ ಬಾಗಿಲು ತೆರೆಯಲು ಅದು 1813ರ ಸನ್ನದಿನವರೆಗೆ ಕಾದಿತು. ಹ್ಯಾಂಡ್ಸ್ ಮಾತ್ರ ಅಷ್ಟರಲ್ಲಾಗಲೇ ಪಂಡಿತರನ್ನು ಕೂಡಿಸಿಕೊಂಡು ಅನುವಾದಕ್ಕೆ ಕೈ ಹಾಕಿದ್ದರು. ವಿಲಿಯಂ ರೀವ್ ಜೊತೆಯಾದರು. ಅತ್ತ ಬಂಗಾಳದ ಸಿರಾಂಪುರದಲ್ಲಿ ವಿಲಿಯಂ ಕೇರಿಯ ಬಳಗವೂ ಕನ್ನಡದ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿತು, 1823ರಲ್ಲಿ. ಅಷ್ಟು ದೂರ ಕೂತು ಮಾಡಿದ ಕನ್ನಡ ಇಲ್ಲಿ ನಿಲ್ಲಲಿಲ್ಲ. ನಿಂತದ್ದು ಬಳ್ಳಾರಿಯದು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಮಿಷನರಿಗಳ ಹೆಸರು ಪುಸ್ತಕದ ಜೊತೆ ಉಳಿದವು, ಪಕ್ಕದಲ್ಲಿ ಕೂತು ವಾಕ್ಯ ತಿದ್ದಿದ ಮುನ್ಷಿಗಳ ಹೆಸರು ಬಹುಪಾಲು ಅಳಿಸಿಹೋದವು. ಇದು ಬೈಬಲ್ಲಿಗಷ್ಟೇ ಆದ ಅನ್ಯಾಯವಲ್ಲ ಬಿಡಿ, ಆ ಕಾಲದ ನಿಘಂಟು ವ್ಯಾಕರಣಗಳಿಗೂ ಇದೇ ಗತಿ.

ಪಶ್ಚಿಮದ ದಾರಿ ಬಾಸೆಲ್ ಮಿಷನ್ನಿನದು. ಅದರ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನೇಕಾರರ ಬೆಟಗೇರಿ, 1851ಕ್ಕೆ ಗುಳೇದಗುಡ್ಡ. ಬೆಟಗೇರಿಗೆ ಬಂದ ವರ್ಷವೇ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಕಾಲಜ್ಞಾನದ ನುಡಿಗಳನ್ನು ನಂಬಿದ್ದ ಕೆಲವರು, ಬರಬೇಕಾದವರು ಇವರೇ ಇರಬೇಕೆಂದು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಸಾವಿರಾರು ಜನ ಹಿಂದೆಯೇ ಬರುತ್ತಾರೆಂದು ಹರ್ಮನ್ ಮೋಗ್ಲಿಂಗ್ ಮತ್ತು ಜೊತೆಗಾರರು ಕನಸು ಕಟ್ಟಿದರು, ಒಕ್ಕಲುತನದ ಕ್ರೈಸ್ತ ವಸಾಹತಿಗೆ ನೆಲ ಹಿಡಿದರು. ಸಾವಿರಾರು ಜನ ಬರಲಿಲ್ಲ. ನೆಲದ ಆಸೆಯಿಂದಲೋ ಭವಿಷ್ಯವಾಣಿಯ ಬಲದಿಂದಲೋ ನಂಬಿಕೆ ಬೇರು ಬಿಡುವುದಿಲ್ಲ ಎಂಬುದನ್ನು ಮಿಷನ್ ಇಲ್ಲಿ ದುಬಾರಿ ಬೆಲೆ ತೆತ್ತು ಕಲಿಯಿತು.

ಅದೇ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದವರು. ಬಳ್ಳಾರಿಯ ಅನುವಾದ ಸಾಲದೆಂದು ಅವರಿಗೂ ಜಿ.ಎಚ್. ವೈಗ್ಲೆಗೂ ಅನ್ನಿಸಿತ್ತು. ವೈಗ್ಲೆ ಪರಿಷ್ಕರಣೆಯಲ್ಲೇ ಸವೆದು 1855ರಲ್ಲಿ ತೀರಿಕೊಂಡರು. ಆಗ ಕನ್ನಡನಾಡು ಹಂಚಿಹೋಗಿತ್ತು. ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು, ರೋಣ ನರಗುಂದಗಳು ಮುಂಬಯಿಯ ಕಡೆಗಿದ್ದವು, ಮೈಸೂರು ಬೇರೆಯೇ ಸಂಸ್ಥಾನ. ಎಲ್ಲ ಕಡೆಯ ಓದುಗರಿಗೂ ಒಂದೇ ಪುಸ್ತಕ ಹೊಂದಬೇಕು. ಯಾರ ಕನ್ನಡ ಕನ್ನಡ ಎಂಬ ಜಗಳವನ್ನು ಕರ್ನಾಟಕ ಏಕೀಕರಣಕ್ಕೆ ನೂರು ವರ್ಷ ಮೊದಲೇ ಈ ಅನುವಾದಕರು ಆಡಿ ಮುಗಿಸಬೇಕಾಯಿತು. 1860ರ ದಶಕದಲ್ಲಿ ಪರಿಷ್ಕೃತ ಬೈಬಲ್ ಬಂತು. ಅದೂ ಹಳತಾಗಿ 1934ರಲ್ಲಿ ಮತ್ತೊಂದು ಬಂತು. ಈಗಲೂ ಹಿರಿಯರು ಬಿಡದೆ ಓದುವುದು ಅದನ್ನೇ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಆಡುಗನ್ನಡಕ್ಕೆ ಹತ್ತಿರವಾದ ಅನುವಾದವೂ ಸಿದ್ಧವಾಯಿತು. ಸತ್ಯವೇದ ಇಲ್ಲಿ ಒಮ್ಮೆ ಬಂದು ಕೂತ ಪುಸ್ತಕವಲ್ಲ, ಪ್ರತಿ ಎರಡು ಮೂರು ತಲೆಮಾರಿಗೆ ಹೊಸದಾಗಿ ಹೇಳಿಸಿಕೊಂಡ ಪುಸ್ತಕ.

ಓದು ಬಾರದ ಊರಿಗೆ ಅಚ್ಚಿನ ಪುಸ್ತಕದಿಂದ ಏನಾದೀತು? ಕುಮಾರವ್ಯಾಸನ ಗದುಗಿನಲ್ಲಿ ಜನ ಭಾರತವನ್ನು ಓದಿ ತಿಳಿದವರಲ್ಲ, ಕೇಳಿ ತಿಳಿದವರು. ಇದನ್ನು ಚೆನ್ನಾಗಿ ಅರಿತವರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಬಂದ ಅವರು ಹುಬ್ಬಳ್ಳಿ ಧಾರವಾಡದ ಸುತ್ತ ನಡೆದಾಡಿದರು, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸುಗಳಿಗೆ ಇಳಿಸಿ 1862ರಲ್ಲಿ ‘ಕಥಾಮಾಲೆ’ ತಂದರು. 1894ರ ನಿಘಂಟಿನಿಂದ ಅವರನ್ನು ಎಲ್ಲರೂ ಬಲ್ಲರು, ಕಥಾಮಾಲೆಯ ಕಿಟೆಲ್‌ರನ್ನು ಮರೆತಿದ್ದೇವೆ.

ಆದರೆ ಈ ಪುಸ್ತಕ ನಮ್ಮ ನೆಲದ್ದಾದದ್ದು ವಿದೇಶಿಯರಿಂದಲ್ಲ, ಚನ್ನಪ್ಪ ಉತ್ತಂಗಿಯಂಥವರಿಂದ ಎಂದು ನನ್ನ ಗಟ್ಟಿ ಅಭಿಪ್ರಾಯ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಬಾಸೆಲ್ ಮಿಷನ್ನಿನ ಬೋಧಕರು. ಸುವಾರ್ತೆ ಸಾರಲು ಹಳ್ಳಿ ಸುತ್ತಿದವರು ಬರುವಾಗ ಸರ್ವಜ್ಞನ ತ್ರಿಪದಿಗಳನ್ನು ಜೋಳಿಗೆಗೆ ತುಂಬಿಕೊಂಡು ಬಂದರು. 1924ರಲ್ಲಿ ಅವನ್ನು ಸಂಪಾದಿಸಿ ಪ್ರಕಟಿಸಿದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ಬೆತ್ಲೆಹೇಮು ಬನಾರಸಕ್ಕೆ ಮಾಡುವ ವಿನಂತಿಯಾಗಿ ಒಂದು ಪುಸ್ತಕ ಬರೆದರು. ಅನುಭವ ಮಂಟಪದ ಬಗ್ಗೆ, ಸಿದ್ಧರಾಮನ ಬಗ್ಗೆ ಅಭ್ಯಾಸ ಮಾಡಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂಡಿಸಿತು. ಬೈಬಲ್ಲಿನ ಮೇಲಿನ ನಂಬಿಕೆ ಅವರನ್ನು ನೆರೆಯವರಿಂದ ದೂರ ಮಾಡಲಿಲ್ಲ. ಶರಣರ ಮಾತನ್ನು ಇನ್ನಷ್ಟು ಹತ್ತಿರದಿಂದ ಕೇಳುವ ಕಿವಿ ಕೊಟ್ಟಿತು. ಇಂದಿನ ಕ್ರೈಸ್ತರೂ ಇತರರೂ ಈ ಮನುಷ್ಯನನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು.

ಇನ್ನು ಈ ಕಾಲದ ಮಾತು. ಬೈಬಲ್ಲಿನ ರೂತಳ ಕಥೆ ಬರದಿಂದ ಶುರುವಾಗುತ್ತದೆ. ಬೆತ್ಲೆಹೇಮಿನ ಒಂದು ಕುಟುಂಬ ಅನ್ನಕ್ಕಾಗಿ ಮೋವಾಬಿಗೆ ಗುಳೆ ಹೋಗುತ್ತದೆ. ಅಲ್ಲಿ ಗಂಡನೂ ಇಬ್ಬರು ಮಕ್ಕಳೂ ಸಾಯುತ್ತಾರೆ. ಮುದುಕಿ ನವೊಮಿ ಬರಿಗೈಲಿ ಊರಿಗೆ ಮರಳುತ್ತಾಳೆ, ಜೊತೆಗೆ ಅನ್ಯನಾಡಿನ ಸೊಸೆ ರೂತಳು. ಸೊಸೆ ಸುಗ್ಗಿಯ ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕುತ್ತಾಳೆ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮನೆಗೆ ಬೀಗ ಹಾಕಿ ಹೊರಡುವ ರೋಣ, ಗಜೇಂದ್ರಗಡದ ಜನರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ಅಂಚಿನ ಪೈರನ್ನು ಬಡವರಿಗೆ, ಪರದೇಶಿಗೆ ಬಿಡಬೇಕೆಂದು ಮೋಶೆಯ ಕಟ್ಟಳೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬುದು ಇನ್ನೊಂದು. ಯೇಸು ಹೇಳಿದ ದ್ರಾಕ್ಷಿ ತೋಟದ ಸಾಮ್ಯದಲ್ಲಿ ಸಂಜೆ ಐದರವರೆಗೂ ಯಾರೂ ಕರೆಯದೆ ನಿಂತಿದ್ದವರಿಗೂ ಧಣಿ ಪೂರ್ತಿ ಪಗಾರ ಕೊಡುತ್ತಾನೆ, ಬೆಳಿಗ್ಗೆ ಬಂದವರು ಗೊಣಗುತ್ತಾರೆ. ಮುಂಜಾನೆ ಸರ್ಕಲ್ಲಿನಲ್ಲಿ ಬುತ್ತಿ ಹಿಡಿದು ಕಾಯುವ ಕೂಲಿಯವರ ಮುಂದೆ ಇದನ್ನು ಓದಿದರೆ ಚರ್ಚೆ ಆಗಲೇಬೇಕು. ಪ್ರವಾದಿ ಆಮೋಸನಂತೂ ತೂಕದಲ್ಲಿ ಮೋಸ ಮಾಡುವ ಕಾಳಿನ ವ್ಯಾಪಾರಿಗಳನ್ನು ನೇರವಾಗಿಯೇ ಬಯ್ಯುವಷ್ಟು ನಿಷ್ಠುರ. ಅವನು ಕುರಿ ಕಾಯುವವನು.

ಬೈಬಲ್ಲಿನ ಪ್ರಸ್ತುತತೆ ಇರುವುದು ಇಂಥಲ್ಲಿ. ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೆ ಹೂವಿನ ಚಿತ್ರದ ಮೇಲೆ ಬಂದು ಬೀಳುವ ಒಂದು ಸಾಲಿನ ವಾಕ್ಯದಲ್ಲಲ್ಲ. ಕನ್ನಡ ಬೈಬಲ್ ಈಗ ಮೊಬೈಲಿನಲ್ಲಿದೆ, ಓದು ಬಾರದವರು ಕೇಳಿಸಿಕೊಳ್ಳಲು ಧ್ವನಿಯೂ ಇದೆ. ಅನುಕೂಲವೇ. ಆದರೆ ಬೇಕಾದ ವಚನ ಹೆಕ್ಕಿಕೊಂಡು ಬೇಡದ್ದನ್ನು ಸರಿಸುವುದೂ ಅಷ್ಟೇ ಸುಲಭವಾಗಿದೆ. ಆಶೀರ್ವಾದದ ವಾಕ್ಯಗಳಿಗೆ ಇರುವ ಗಿರಾಕಿ ಕೂಲಿಯ ಕಟ್ಟಳೆಗೆ ಇಲ್ಲ. ಕ್ರಿಸ್ತನಲ್ಲಿ ಮೇಲು ಕೀಳಿಲ್ಲವೆಂದು ಪೌಲನ ಪತ್ರ ಓದುವ ಸಭೆಗಳಲ್ಲೂ ಮದುವೆಯ ಮಾತು ಬಂದಾಗ ಜಾತಿ ಇಣುಕುತ್ತದೆ. ಮತ್ತೊಂದು ಕಡೆ, 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು. ಒಳಗೆ ಜಾತಿ, ಹೊರಗೆ ಜಾತಿಯಿಲ್ಲವೆಂಬ ಕಾಗದ. ಈ ಇಕ್ಕಟ್ಟಿನಲ್ಲಿ ನಿಂತವರು ಅದೇ ಪತ್ರವನ್ನು ಓದುವ ರೀತಿಯೇ ಬೇರೆ.

ಬೆಟಗೇರಿಯಲ್ಲಿ ಜರ್ಮನ್ ಆಸ್ಪತ್ರೆ ಎಂಬ ಹೆಸರು ಜನರ ಬಾಯಲ್ಲಿ ಇಂದಿಗೂ ಉಳಿದಿದೆ. ಜರ್ಮನ್ನರು ಹೋಗಿ ಕಾಲವಾಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ನರನ್ನು ಬಂಧಿಸಿ ಹೊರಗೆ ಕಳಿಸಿತು. ಇಂದು ಆ ಮಿಷನ್ನಿನ ಸಭೆಗಳು ಧಾರವಾಡದಲ್ಲಿ ಕೇಂದ್ರವಿರುವ ದಕ್ಷಿಣ ಭಾರತ ಸಭೆಯ (ಸಿಎಸ್ಐ) ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿವೆ. ತಂದವರು ಹೋದ ಮೇಲೂ ಪುಸ್ತಕ ಉಳಿಯಿತು, ಓದಿದವರು ಇಲ್ಲಿಯವರೇ ಆಗಿದ್ದರಿಂದ.

ಒಂದು ವಿನಂತಿ. ಹಳೆಯ ಕ್ರೈಸ್ತ ಮನೆಗಳಲ್ಲಿ ಸತ್ಯವೇದದ ಮೊದಲ ಹಾಳೆಯಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿಯಿತ್ತು. ಹೊಸ ಪ್ರತಿ ಬಂತೆಂದು ಹಳೆಯದನ್ನು ರದ್ದಿಗೆ ಹಾಕಬೇಡಿ. ಮನೆಯಲ್ಲಿ ಜಾಗವಿಲ್ಲದಿದ್ದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದವರನ್ನು ಒಮ್ಮೆ ಕೇಳಿ.