ಗಣಕಜಾಲ ನಿರ್ವಹಣೆಯ ಚರಿತ್ರೆಗೆ ಆಕರಗಳು

ಚರಿತ್ರಕಾರನಿಗೆ ಆಕರಗಳೇ ಮೂಲಧನ. ಕದಂಬರ ಕಾಲಕ್ಕೆ ಶಾಸನಗಳೂ, ಕೆಳದಿಯ ಅರಸರ ಕಾಲಕ್ಕೆ ಕಡತಗಳೂ, ಕಂಪನಿ ಸರ್ಕಾರದ ಕಾಲಕ್ಕೆ ದಫ್ತರಗಳೂ ನಮಗೆ ಒದಗಿವೆ. ಕಳೆದ ಅರ್ಧಶತಮಾನದಲ್ಲಿ ಲೋಕವ್ಯವಹಾರವನ್ನೇ ಮಾರ್ಪಡಿಸಿದ ಗಣಕಜಾಲಗಳ ಚರಿತ್ರೆಯನ್ನು ಯಾವ ಆಕರಗಳಿಂದ ಬರೆಯಬೇಕು? ಜಾಲವನ್ನು ಕಟ್ಟಿದವರ ಕಥೆ ಹಲವು ಗ್ರಂಥಗಳಲ್ಲಿ ಬಂದಿದೆ. ಅದನ್ನು ದಿನದಿನವೂ ಕಾಯ್ದು, ದಟ್ಟಣೆಯನ್ನು ಅಳೆದು, ಕೆಟ್ಟುದನ್ನು ಸರಿಪಡಿಸಿದ ನಿರ್ವಹಣೆಯ ಕಥೆ ಅಷ್ಟಾಗಿ ಬಂದಿಲ್ಲ. ಅದಕ್ಕೆ ದೊರೆಯತಕ್ಕ ಆಕರಗಳನ್ನೂ, ಅವುಗಳನ್ನು ಪರೀಕ್ಷಿಸುವ ಕ್ರಮವನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಇವುಗಳಲ್ಲಿ ಮೊದಲನೆಯದು 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್', ಅಂದರೆ ಅಭಿಪ್ರಾಯವನ್ನು ಕೋರುವ ಪತ್ರಗಳು, ಎಂಬ ಮಾಲೆ. ಅಮೆರಿಕದ ಆರ್ಪಾನೆಟ್ ಎಂಬ ಜಾಲವನ್ನು ರೂಪಿಸುತ್ತಿದ್ದ ಕಾಲದಲ್ಲಿ ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿಯು ೧೯೬೯ರ ಏಪ್ರಿಲ್ ೭ರಂದು ಮೊದಲನೆಯ ಪತ್ರವನ್ನು ಬರೆದನು. ಇಂದು ಇವುಗಳ ಸಂಖ್ಯೆ ಒಂಬತ್ತು ಸಾವಿರಕ್ಕೂ ಮಿಕ್ಕಿದೆ; ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಪ್ರತಿಯೊಂದು ಪತ್ರಕ್ಕೂ ಕ್ರಮಸಂಖ್ಯೆಯೂ ಕಾಲನಿರ್ದೇಶವೂ ಉಂಟು. ಒಮ್ಮೆ ಪ್ರಕಟವಾದ ಪತ್ರವನ್ನು ತಿದ್ದುವುದಿಲ್ಲ. ಮತ ಬದಲಾದರೆ ಹೊಸ ಪತ್ರವನ್ನು ಹೊರಡಿಸಿ, ಹಳೆಯದನ್ನೂ ಉಳಿಸುತ್ತಾರೆ. ಆದುದರಿಂದ ಇವು ಲಿಪಿಕಾರರ ಕೈಯಲ್ಲಿ ಪಾಠಾಂತರಗೊಳ್ಳುವ ಓಲೆಗರಿಗಳಂತಲ್ಲ, ಕಲ್ಲಿನ ಮೇಲಣ ಶಾಸನಗಳಂತೆ.

ನಿರ್ವಹಣೆಯ ದೃಷ್ಟಿಯಿಂದ ಈ ಮಾಲೆಯಲ್ಲಿ ಅಮೂಲ್ಯವಾದುದು ೭೮೯ನೆಯ ಪತ್ರ. ಆರ್ಪಾನೆಟ್ಟಿನ ಮೇಲ್ವಿಚಾರಣೆಯನ್ನು ವಹಿಸಿದ್ದ ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯ ಎರಿಕ್ ರೋಸನ್ ಇದನ್ನು ೧೯೮೧ರ ಜುಲೈನಲ್ಲಿ ಬರೆದರು. ೧೯೮೦ರ ಅಕ್ಟೋಬರ್ ೨೭ರಂದು ಜಾಲವು ಹಲವು ಗಂಟೆಗಳ ಕಾಲ ನಿಷ್ಪ್ರಯೋಜಕವಾಯಿತು. ಅದರ ಕಾರಣದ ಶೋಧನೆಯೇ ಪತ್ರದ ವಿಷಯ.

ಜಾಲದ ಪ್ರತಿಯೊಂದು ಸಂಧಿಯಂತ್ರವೂ ತನ್ನ ಸ್ಥಿತಿಯನ್ನು ಆಗಾಗ ಉಳಿದವುಗಳಿಗೆ ಸಾರುತ್ತಿತ್ತು. ಯಾವ ವರದಿ ಹೊಸದು, ಯಾವುದು ಹಳೆಯದು ಎಂದು ತಿಳಿಯಲು ಪ್ರತಿ ವರದಿಗೂ ೦ಯಿಂದ ೬೩ರವರೆಗೆ ಸುತ್ತಿಬರುವ ಒಂದು ಸಂಖ್ಯೆಯಿತ್ತು. ಶಾಸನಾಭ್ಯಾಸಿಗಳಿಗೆ ಇದು ಅಪರಿಚಿತವಲ್ಲ. ಶಕವರ್ಷವಿಲ್ಲದೆ ಸಂವತ್ಸರದ ಹೆಸರು ಮಾತ್ರ ಇದ್ದರೆ, ಅರುವತ್ತು ವರ್ಷಗಳ ಚಕ್ರದಲ್ಲಿ ಪ್ರಭವವು ವಿಭವಕ್ಕೆ ಹಿಂದಿನದೋ ಮುಂದಿನದೋ ಎಂದು ನಿಶ್ಚಯಿಸಲಾಗದಷ್ಟೆ. ಅದರಂತೆ ಇಲ್ಲಿಯೂ ಒಂದು ನಿಯಮವನ್ನು ಮಾಡಿಕೊಂಡಿದ್ದರು: ಚಕ್ರದಲ್ಲಿ ಮುಂದಕ್ಕೆ ಎಣಿಸಿದಾಗ ಅಂತರವು ೩೨ನ್ನು ಮೀರದಿದ್ದರೆ ಅದು ಹೊಸದು. ಅಂದು ಯಂತ್ರದೋಷದಿಂದ ಸಂಖ್ಯೆಯ ಬಿಟ್‌ಗಳು, ಎಂದರೆ ದ್ವಿಮಾನ ಅಂಕಗಳು, ಬಿದ್ದುಹೋದುವು. ೧೦೧೧೦೦ ಎಂಬುದರಲ್ಲಿ ಒಂದು ಬಿಟ್ ಬಿದ್ದು ೧೦೧೦೦೦ ಆಯಿತು, ಮತ್ತೊಂದು ಬಿದ್ದು ೦೦೧೦೦೦ ಆಯಿತು. ಹೀಗೆ ೫೦ನೆಯ ಯಂತ್ರದ ಹೆಸರಿನಲ್ಲಿ ೪೪, ೪೦, ೮ ಎಂಬ ಮೂರು ವರದಿಗಳು ಏಕಕಾಲದಲ್ಲಿ ಜಾಲದಲ್ಲಿ ಹರಿದಾಡಿದುವು. ನಿಯಮದಂತೆ ೮ಕ್ಕಿಂತ ೪೦ ಹೊಸದು, ೪೦ಕ್ಕಿಂತ ೪೪ ಹೊಸದು, ೪೪ಕ್ಕಿಂತ ಮತ್ತೆ ೮ ಹೊಸದು! ಯಾವುದನ್ನೂ ಹಳೆಯದೆಂದು ತಳ್ಳಲಾರದೆ ಯಂತ್ರಗಳು ಇವನ್ನೇ ಪರಸ್ಪರ ಸಾರುತ್ತ, ಬೇರೆ ಕೆಲಸಕ್ಕೆ ಬಿಡುವಿಲ್ಲದಂತಾದುವು. ೫೦ನೆಯ ಯಂತ್ರದ ವರದಿಗಳನ್ನು ಲೆಕ್ಕಿಸಬಾರದೆಂದು ಎಲ್ಲ ಯಂತ್ರಗಳ ಕ್ರಮವಿಧಿಯನ್ನೂ ತಿದ್ದಿದ ಮೇಲೆ ಜಾಲವು ಚೇತರಿಸಿಕೊಂಡಿತು. ಯಂತ್ರಗಳ ಸ್ಮೃತಿಕೋಶದ ಪ್ರತಿಯನ್ನು ನಿರ್ವಾಹಕರು ತೆಗೆದಿರಿಸಿಕೊಂಡಿದ್ದುದರಿಂದಲೇ ಈ ಕಾರಣವು ತಿಳಿಯಿತು ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಮಾಲೆಯ ಎಲ್ಲ ಪತ್ರಗಳೂ ಇಂತಹವಲ್ಲ. ಬಹುಭಾಗವು ವಿಧಿರೂಪವಾದುದು. 'ಮಾನಸೋಲ್ಲಾಸ'ವನ್ನು ಓದಿ ಅರಸನು ಹೇಗಿರಬೇಕೆಂದು ತಿಳಿಯಬಹುದೇ ಹೊರತು ಹೇಗಿದ್ದನೆಂದು ತಿಳಿಯಲಾಗದು. ೧೯೮೮ರ ಏಪ್ರಿಲ್ ತಿಂಗಳ ೧೦೫೨ನೆಯ ಪತ್ರವು, ಎಸ್.ಎನ್.ಎಂ.ಪಿ. ಎಂಬ ಸರಳ ನಿರ್ವಹಣಾ ವಿಧಾನವನ್ನು ತತ್ಕಾಲಕ್ಕೆ ಬಳಸಬೇಕೆಂದೂ, ಅಂತರರಾಷ್ಟ್ರೀಯ ಮಾನಕಗಳನ್ನು ಅನುಸರಿಸಿದ ವಿಸ್ತಾರವಾದ ವಿಧಾನವನ್ನು ಮುಂದಕ್ಕೆ ಸಿದ್ಧಪಡಿಸಬೇಕೆಂದೂ ಸೂಚಿಸಿತು. ನಡೆದುದು ಬೇರೆ. ತಾತ್ಕಾಲಿಕವೆಂದುಕೊಂಡದ್ದೇ ಲೋಕದಲ್ಲೆಲ್ಲ ನೆಲೆಯೂರಿತು. ಅದರ ಬಳಕೆಯ ಸ್ವರೂಪವನ್ನು ತಿಳಿಯಲು ೨೦೦೩ರ ೩೫೩೫ನೆಯ ಪತ್ರವನ್ನು ನೋಡಬೇಕು. ೨೦೦೨ರ ಜೂನ್‌ನಲ್ಲಿ ಜಾಲನಿರ್ವಾಹಕರೂ ವಿಧಾನಗಳನ್ನು ರಚಿಸುವವರೂ ಸೇರಿ ನಡೆಸಿದ ಗೋಷ್ಠಿಯ ವರದಿ ಅದು. ಆ ವಿಧಾನವು ಜಾಲದ ಸ್ಥಿತಿಯನ್ನು ಗಮನಿಸುವುದಕ್ಕೆ ಉಪಯೋಗವಾಗುತ್ತಿದ್ದರೂ ಯಂತ್ರಗಳ ವಿನ್ಯಾಸವನ್ನು ಬದಲಿಸುವುದಕ್ಕೆ ಹೆಚ್ಚಾಗಿ ಬಳಕೆಯಲ್ಲಿಲ್ಲವೆಂದು ಅಲ್ಲಿ ಸ್ಪಷ್ಟವಾಯಿತು. ಇದರ ಫಲವಾಗಿ ೨೦೦೬ರಲ್ಲಿ ನೆಟ್‌ಕಾನ್ಫ್ ಎಂಬ ಹೊಸ ವಿಧಾನವು ಪ್ರಕಟವಾಯಿತು. ಮೊದಲನೆಯ ಪತ್ರವನ್ನು ಮಾತ್ರ ಓದಿ ಚರಿತ್ರೆಯನ್ನು ಬರೆಯುವವನು ಸಂಕಲ್ಪವನ್ನೇ ಸಂಗತಿಯೆಂದು ಭ್ರಮಿಸುವನು.

ಆದಕಾರಣ ಬೇರೆ ಆಕರಗಳನ್ನೂ ಹೋಲಿಸಿ ನೋಡಬೇಕು. ಲಾಸ್ ಏಂಜಲಿಸ್ಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಯಂತ್ರದ ಬಳಿಯಿದ್ದ ದಿನಚರಿ ಪುಸ್ತಕದಲ್ಲಿ, ೧೯೬೯ರ ಅಕ್ಟೋಬರ್ ೨೯ರ ರಾತ್ರಿ ಹತ್ತೂವರೆ ಗಂಟೆಗೆ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಯಂತ್ರದೊಡನೆ ಸಂಪರ್ಕವಾದುದು ಒಂದೇ ಸಾಲಿನಲ್ಲಿ ದಾಖಲಾಗಿದೆ. ಅಂದು ಅದು ಕೇವಲ ಕೆಲಸದ ಟಿಪ್ಪಣಿ. ಇಂದು ಪ್ರಥಮ ದರ್ಜೆಯ ಆಕರ. ಮಿನೆಸೋಟ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಬ್ಯಾಬೇಜ್ ಇನ್‌ಸ್ಟಿಟ್ಯೂಟಿನಲ್ಲಿ ಜಾಲವನ್ನು ರೂಪಿಸಿದವರ ಮೌಖಿಕ ನಿರೂಪಣೆಗಳ ಸಂಗ್ರಹವಿದೆ. ನೆನಪು ಬಹಳ ವರ್ಷಗಳ ಮೇಲೆ ಹೇಳಿದುದಾದ್ದರಿಂದ, ಅದನ್ನು ಸಮಕಾಲೀನ ದಾಖಲೆಯೊಡನೆ ಒರೆಹಚ್ಚಿ ನೋಡುವುದು ಅವಶ್ಯ.

ನಮ್ಮ ದೇಶದಲ್ಲಿ ೧೯೮೬ರಲ್ಲಿ ಅರ್ನೆಟ್ ಎಂಬ ವಿದ್ಯಾಸಂಸ್ಥೆಗಳ ಜಾಲವು ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಮೊದಲ ಸಹಭಾಗಿಗಳಲ್ಲೊಂದು. ಈಗ ಕಾಲೇಜುಗಳಲ್ಲಿಯೂ ಜಾಲಗಳಿವೆ. ಅವುಗಳನ್ನು ಕಾಯುವ ಯಂತ್ರಗಳು ಹಗಲಿರುಳೂ ದಾಖಲೆಗಳನ್ನು ಬರೆಯುತ್ತಿವೆ. ಆದರೆ ಸ್ಥಳವನ್ನು ಉಳಿಸುವುದಕ್ಕಾಗಿ ಹಳೆಯ ದಾಖಲೆಯನ್ನು ನಿಯತಕಾಲದ ನಂತರ ಅಳಿಸುವುದು ರೂಢಿ. ತಾಮ್ರಪಟವನ್ನು ಕರಗಿಸಿ ಪಾತ್ರೆ ಮಾಡಿದವನಿಗೂ ತಾನು ಕಳೆದುದೇನೆಂಬುದು ತಿಳಿದಿರಲಿಲ್ಲ. ಎಲ್ಲವನ್ನೂ ಉಳಿಸುವುದು ಸಾಧ್ಯವಲ್ಲ, ವ್ಯಕ್ತಿಗಳ ಖಾಸಗಿ ವ್ಯವಹಾರ ಅದರಲ್ಲಿ ಸೇರಿರುವುದರಿಂದ ಉಚಿತವೂ ಅಲ್ಲ. ಆದರೆ ಜಾಲದ ನಕ್ಷೆ, ವರ್ಷವರ್ಷದ ದಟ್ಟಣೆಯ ಮೊತ್ತ, ದೊಡ್ಡ ವೈಫಲ್ಯವೊಂದು ಸಂಭವಿಸಿದಾಗ ಅದರ ಕಾರಣ ಮತ್ತು ಪರಿಹಾರದ ಟಿಪ್ಪಣಿ, ಇಷ್ಟನ್ನಾದರೂ ದಿನಾಂಕಸಹಿತವಾಗಿ ಗ್ರಂಥಭಂಡಾರದಲ್ಲಿ ಇಡುವುದು ಕಷ್ಟವೇನಲ್ಲ. ಗಣಕಶಾಸ್ತ್ರದ ವಿದ್ಯಾರ್ಥಿಗಳೂ ಚರಿತ್ರೆಯ ವಿದ್ಯಾರ್ಥಿಗಳೂ ಕೂಡಿ ಕೈಗೊಳ್ಳತಕ್ಕ ಕಾರ್ಯವಿದು. ಇದನ್ನು ಇಂದು ಮಾಡದಿದ್ದರೆ, ನಮ್ಮ ಜಾಲಗಳ ಚರಿತ್ರೆಯನ್ನು ಬರೆಯಹೊರಟ ಮುಂದಿನವರಿಗೆ ಅನ್ಯದೇಶದ ದಾಖಲೆಗಳನ್ನು ನೋಡಿ ಊಹಿಸುವುದೊಂದೇ ಗತಿಯಾದೀತು.